ಓದುಗರ ಪ್ರಶ್ನೆ: ಹಳೇ ಕಲ್ಯಾಣಿಗೆ ಫ್ಯಾಕ್ಟರಿಯವರ ದುಡ್ಡು ಕೇಳ್ಬಹುದಾ?

ಪ್ರಶ್ನೆ: ಸರ್, ನಮ್ಮೂರ ಪಕ್ಕದಲ್ಲಿರೋ ಫ್ಯಾಕ್ಟರಿಯವರು ಸ್ಕೂಲಿಗೆ ಬೆಂಚು ಕೊಟ್ಟಿದ್ದಾರೆ, ರಸ್ತೆ ಬದಿ ಗಿಡ ನೆಡಿಸಿದ್ದಾರೆ. ಊರಿನ ಹಳೇ ಕಲ್ಯಾಣಿ ಹೂಳು ತುಂಬಿ ಮೆಟ್ಟಿಲು ಕಿತ್ತು ಬರ್ತಿದೆ, ಅದಕ್ಕೂ ಸಿಎಸ್‌ಆರ್ ದುಡ್ಡು (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಖರ್ಚು ಮಾಡೋ ದುಡ್ಡು) ಸಿಗುತ್ತಾ? ನಮ್ಮ ಯುವಕ ಸಂಘದ ಅಕೌಂಟಿಗೆ ಹಾಕಿಸ್ಕೋಬಹುದಾ? ಫ್ಯಾಕ್ಟರಿ ಗಲೀಜು ನೀರು ಹಳ್ಳಕ್ಕೆ ಬರುತ್ತೆ, ಅವರ ದುಡ್ಡೇ ಬೇಡ ಅಂತಾನೂ ಕೆಲವರು ಗಲಾಟೆ ಮಾಡ್ತಿದ್ದಾರೆ.

ಉತ್ತರ: ಧಾರಾಳವಾಗಿ ಕೇಳಿ. 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್ ಪ್ರಕಾರ ಹಿಂದಿನ ವರ್ಷ ನೆಟ್‌ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದು) 500 ಕೋಟಿನೋ, ವಹಿವಾಟು 1000 ಕೋಟಿನೋ, ನಿವ್ವಳ ಲಾಭ 5 ಕೋಟಿನೋ, ಯಾವುದಾದ್ರೂ ಒಂದು ಮುಟ್ಟಿರೋ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಸಿಎಸ್‌ಆರ್‌ಗೆ ಖರ್ಚು ಮಾಡ್ಲೇಬೇಕು, ಅದರಲ್ಲೂ ಸುತ್ತಮುತ್ತಲ ಊರುಗಳಿಗೆ ಆದ್ಯತೆ ಅಂತ ಕಾಯ್ದೆನೇ ಹೇಳುತ್ತೆ. ಯಾವ್ಯಾವ ಕೆಲಸಕ್ಕೆ ಖರ್ಚು ಮಾಡ್ಬಹುದು ಅಂತ ಹೇಳೋ ಅದೇ ಕಾಯ್ದೆಯ 7ನೇ ಶೆಡ್ಯೂಲಲ್ಲಿ ಐತಿಹಾಸಿಕ ಜಾಗಗಳ ಜೀರ್ಣೋದ್ಧಾರನೂ ಇದೆ, ಮಣ್ಣು-ನೀರಿನ ರಕ್ಷಣೆನೂ ಇದೆ, ಕಲ್ಯಾಣಿ ಎರಡಕ್ಕೂ ಸಲ್ಲುತ್ತೆ.

ಸಂಘದ ಅಕೌಂಟಿಗೆ ಮಾತ್ರ ಕಷ್ಟ. ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಕೆಲಸ ಮಾಡೋ ಸಂಸ್ಥೆಗಳು ಮಾಡಿಸೋ ಸಿಎಸ್‌ಆರ್-1 ನೋಂದಣಿ, ಮೂರು ವರ್ಷ ಇಂಥಾ ಕೆಲಸ ಮಾಡಿರೋ ದಾಖಲೆ, ಇಷ್ಟೂ ಬೇಕು. ಕಂಪನಿಯವರೇ ನೇರವಾಗಿ ಕೆಲಸ ಮಾಡಿಸ್ಲಿ, ನೀವು ಮುಂದೆ ನಿಂತು ನೋಡ್ಕೊಳ್ಳಿ, ಅದೇ ವಾಸಿ.

ದುಡ್ಡಿಗಿಂತ ನನಗೆ ಭಯ ಆಗೋದು ಆ ದುಡ್ಡಲ್ಲಿ ಏನು ಮಾಡಿಸ್ತಾರೆ ಅನ್ನೋದು. ಎಷ್ಟೋ ಕಡೆ ಹಳೇ ಕಲ್ಲಿನ ಸಂದಿಗೆ ಸಿಮೆಂಟ್ ತುಂಬಿ, ಮೇಲೆ ಟೈಲ್ಸ್ ಹಾಕಿ, ಇನಾಗ್ರೇಷನ್ ಮಾಡಿ ಹೋಗ್ಬಿಡ್ತಾರೆ. ಸುಣ್ಣದ ಗಾರೆ ಆದ್ರೆ ಒಳಗಿನ ತೇವನ ಹೊರಗೆ ಬಿಡುತ್ತೆ, ಸಿಮೆಂಟ್ ಬಿಡಲ್ಲ, ಆ ತೇವ ಕಲ್ಲಿನ ಒಳಗಿಂದಾನೇ ಬರ್ಬೇಕು, ಅದರ ಜೊತೆ ಬಂದ ಉಪ್ಪು ಕಲ್ಲಿನ ಮುಖದಲ್ಲೇ ಗಟ್ಟಿಯಾಗಿ ಕಲ್ಲು ಪದರ ಪದರ ಏಳುತ್ತೆ. ಅದಕ್ಕೇ ಅರ್ಜಿಯಲ್ಲೇ ಬರೀರಿ: ಸುಣ್ಣದ ಗಾರೆ ಕೆಲಸ ಗೊತ್ತಿರೋರೇ ಬೇಕು, ಬಿದ್ದ ಕಲ್ಲಿಗೆಲ್ಲಾ ನಂಬರ್ ಹಾಕಿ ಅದೇ ಜಾಗಕ್ಕೆ ಕೂರಿಸ್ಬೇಕು, ಶಾಸನ ಇದ್ರೆ ಅದರ ಮೇಲೆ ಬಣ್ಣ ಬಳಿಯೋ ಹಾಗಿಲ್ಲ. ನೀರು ಬರೋ ಕಾಲುವೆನೂ ಸೇರಿಸಿ, ಅದು ಮುಚ್ಚಿದ್ರೆ ಹೂಳು ತೆಗೆದೂ ಏನು ಪ್ರಯೋಜನ?

ಅದಕ್ಕೂ ಮೊದಲು ಅದು ಯಾರ ಸುಪರ್ದಿಯಲ್ಲಿದೆ ನೋಡಿ. ಮುಜರಾಯಿನಾ, ಪಂಚಾಯ್ತಿನಾ, ರಾಜ್ಯ ಪುರಾತತ್ವ ಇಲಾಖೆನಾ, ಕೇಂದ್ರದ ಪುರಾತತ್ವ ಇಲಾಖೆ ಎಎಸ್‌ಐನಾ? ಎಎಸ್‌ಐ ಸಂರಕ್ಷಿತ ಸ್ಮಾರಕ ಆದ್ರೆ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅವರನ್ನ ಬಿಟ್ಟು ಒಂದು ಕಲ್ಲೂ ಅಲ್ಲಾಡಿಸಂಗಿಲ್ಲ.

ಹಳ್ಳದ ನೀರಿನ ವಿಷ್ಯ ಹೇಳೋರು ಸರಿಯಾಗೇ ಹೇಳ್ತಿದ್ದಾರೆ, ಆದ್ರೆ ಎರಡನ್ನೂ ಬೆರೆಸ್ಬೇಡಿ. ಕೊಳಚೆ ನೀರು ಶುದ್ಧ ಮಾಡೋದು ಕಾನೂನಿನ ಕರ್ತವ್ಯ, ಅದನ್ನ ಸಿಎಸ್‌ಆರ್ ಲೆಕ್ಕಕ್ಕೆ ತೋರಿಸೋಕೂ ಬರಲ್ಲ, ಹಾಗೇ ಕಲ್ಯಾಣಿ ಕಟ್ಟಿಸಿಕೊಟ್ರು ಅಂತ ಅದು ಮಾಫಿನೂ ಆಗಲ್ಲ. ಕಲ್ಯಾಣಿಗೆ ಕಂಪನಿಗೊಂದು ಅರ್ಜಿ ಕೊಡಿ, ಹಳ್ಳದ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಇನ್ನೊಂದು ಕೊಡಿ, ಒಂದನ್ನ ವಾಪಸ್ ತಗೊಂಡ್ರೆ ಇನ್ನೊಂದು ಮಾಡ್ಕೊಡ್ತೀವಿ ಅಂತ ಯಾರೇ ಬಂದ್ರೂ ಒಪ್ಕೋಬೇಡಿ.