22.4 ಯಾವ ಊರಿನ ಲೆಕ್ಕ?

ಪ್ರಶ್ನೆ: ಸರ್, ನಾನು ಪ್ರಥಮ ಪಿಯುಸಿ. ‘4.2 ಗ್ರಾಂ ಅಡುಗೆ ಸೋಡಾಕ್ಕೆ ಬೇಕಾದಷ್ಟು ಆಮ್ಲ ಹಾಕಿದರೆ, 27 ಡಿಗ್ರಿ ಸೆಲ್ಸಿಯಸ್ ಮತ್ತು 0.9 ಅಟ್ಮಾಸ್ಫಿಯರ್ ಒತ್ತಡದಲ್ಲಿ ಎಷ್ಟು ಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ?’ ಈ ಲೆಕ್ಕಕ್ಕೆ ನನಗೆ 1.12 ಬಂತು. ಪುಸ್ತಕದ ಉತ್ತರ 1.37. ಎಲ್ಲಿ ತಪ್ಪಿದೆ? 22.4ರಿಂದ ಯಾವಾಗ ಗುಣಿಸಬೇಕು, ಯಾವಾಗ ಬೇಡ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮುಕ್ಕಾಲು ಲೆಕ್ಕ ಸರಿಯಾಗಿಯೇ ಮಾಡಿದ್ದೀಯ ಕಣಮ್ಮ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ಅಳತೆ. ಒಂದು ಮೋಲ್ ಸೋಡಾ 84 ಗ್ರಾಂ. 4.2 ಗ್ರಾಂ ಅಂದರೆ 0.05 ಮೋಲ್. ಒಂದು ಮೋಲ್ ಸೋಡಾದಿಂದ ಒಂದು ಮೋಲ್ ಅನಿಲ, ಹಾಗಾಗಿ ಅದೂ 0.05. ಇಲ್ಲಿವರೆಗೆ ಸೆಕೆ, ಚಳಿ, ಒತ್ತಡ ಯಾವುದರ ಮಾತೂ ಇಲ್ಲ, ನೋಡಿದೆಯಾ? ತೂಕಕ್ಕೂ ಮೋಲಿಗೂ ಹವಾಮಾನದ ಹಂಗಿಲ್ಲ. ಲೀಟರಿಗೆ ಇದೆ.

22.4 ಲೀಟರ್ ಅನ್ನುವುದು 0 ಡಿಗ್ರಿಯಲ್ಲಿ, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಒಂದು ಮೋಲ್ ಅನಿಲ ಹಿಡಿಯುವ ಜಾಗ. ಅಂದರೆ ಸಮುದ್ರಮಟ್ಟದಲ್ಲಿ ನಿಂತು, ಮಂಜುಗಡ್ಡೆ ಕರಗುವಷ್ಟು ಚಳಿಯಲ್ಲಿ ಅಳೆದದ್ದು. ನಿನ್ನ ಲೆಕ್ಕದಲ್ಲಿ ಎರಡೂ ಇಲ್ಲ. ಆಗ ಪಿವಿ = ಎನ್‌ಆರ್‌ಟಿ ಬೇಕು, ಅಂದರೆ ಒತ್ತಡ × ಗಾತ್ರ = ಮೋಲ್ × ಅನಿಲ ಸ್ಥಿರಾಂಕ (0.0821) × ಕೆಲ್ವಿನ್‌ನಲ್ಲಿ ತಾಪ. 0.05 × 0.0821 × 300, ಅದನ್ನು 0.9ರಿಂದ ಭಾಗಿಸು. 1.37 ಬರುತ್ತದೆ. 27ಕ್ಕೆ 273 ಸೇರಿಸಿ 300 ಕೆಲ್ವಿನ್ ಮಾಡಿದ್ದು ಗಮನಿಸು. ಮರೆತು 27 ಅಂತಲೇ ಹಾಕಿದರೆ 0.12 ಲೀಟರ್ ಬರುತ್ತದೆ, ಒಂದು ಲೋಟದಷ್ಟೂ ಇಲ್ಲ!

ಈ ತಪ್ಪಿಗೆ ನಗುವ ಹಕ್ಕು ನನಗಿಲ್ಲ. ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿದ ಹೊಸತು. ಲ್ಯಾಬಿನಲ್ಲಿ 48 ಮಿಲಿಗ್ರಾಂ ಮೆಗ್ನೀಷಿಯಂ ರಿಬ್ಬನ್ನಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಬರುವ ಹೈಡ್ರೋಜನ್ನನ್ನು ನೀರು ತುಂಬಿದ ಅಳತೆ ಕೊಳವೆಯಲ್ಲಿ ಹಿಡಿಯಬೇಕಿತ್ತು. 0.002 ಮೋಲನ್ನು 22.4ರಿಂದ ಗುಣಿಸಿ ಬೋರ್ಡಿನ ಮೇಲೆ ನಾನು ಮೊದಲೇ ಬರೆದಿಟ್ಟಿದ್ದೆ: 45 ಮಿಲಿಲೀಟರ್. ಒಬ್ಬ ಹುಡುಗನಿಗೆ 56 ಬಂತು. ‘ರಿಬ್ಬನ್ ಸರಿಯಾಗಿ ತೂಗಿಲ್ಲ ನೀನು, ಇನ್ನೊಮ್ಮೆ ಮಾಡು’ ಅಂದೆ. ಮತ್ತೆ 56. ಕೊಳವೆ ಸೋರುತ್ತಿದೆ ಅಂದೆ. ‘ಸೋರಿದ್ರೆ ಕಡಿಮೆ ಬರ್ಬೇಕಲ್ವಾ ಸರ್?’ ಅಂದ. ನನ್ನ ಬಾಯಿ ಕಟ್ಟಿತು.

ಮನೆಗೆ ಹೋಗಿ ಕೂತು ಲೆಕ್ಕ ಹಾಕಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ 0.9 ಅಟ್ಮಾಸ್ಫಿಯರ್ ಆಸುಪಾಸು. ಕೋಣೆ 25 ಡಿಗ್ರಿ. ಇವೆರಡನ್ನೂ ಸೇರಿಸಿದರೆ 45 ಹೋಗಿ 54 ಆಯಿತು. ಉಳಿದ ಎರಡು ಮಿಲಿಲೀಟರ್? ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿಯೂ ಸೇರಿರುತ್ತದೆ. 25 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 24 ಮಿಲಿಮೀಟರ್ ಪಾದರಸ, ಅಂದರೆ 0.03 ಅಟ್ಮಾಸ್ಫಿಯರ್. ಹೊರಗಿನ ಒತ್ತಡದಿಂದ ಅದನ್ನು ಕಳೆದು, ಉಳಿದದ್ದನ್ನು ಮಾತ್ರ ಹೈಡ್ರೋಜನ್ನಿನದು ಅನ್ನಬೇಕು. ಕಳೆದೆ. ಸರಿಯಾಗಿ 56. ಮಾರನೇ ದಿನ ಆ ಹುಡುಗನನ್ನೇ ಕರೆದು ಬೋರ್ಡಿನ 45 ಅಳಿಸಿಸಿದೆ. ನಿನ್ನ ಪ್ರಶ್ನೆಯಲ್ಲಿ ‘ನೀರಿನ ಮೇಲೆ ಸಂಗ್ರಹಿಸಿದ’ ಅಂತ ಕಂಡರೆ ಈ ಕಳೆಯುವ ಕೆಲಸ ಮರೆಯಬೇಡ.

ಈಗ ಎರಡನೇ ಪ್ರಶ್ನೆ, 22.4ರಿಂದ ಯಾವಾಗ ಗುಣಿಸಬೇಕು ಅನ್ನುವುದು. ‘ಎಸ್‌ಟಿಪಿಯಲ್ಲಿ’ (ಪ್ರಮಾಣಿತ ತಾಪ ಮತ್ತು ಒತ್ತಡದಲ್ಲಿ) ಅಂತ ಕೊಟ್ಟಿದ್ದರೆ ಮಾತ್ರ ನೇರವಾಗಿ ಗುಣಿಸು. ಅದರಲ್ಲೂ ಒಂದು ತೊಡಕಿದೆ. 1982ರಲ್ಲಿ ಎಸ್‌ಟಿಪಿಯ ಒತ್ತಡವನ್ನು 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಇಳಿಸಿದರು. ಹಾಗಾಗಿ ಈಗ 22.7 ಲೀಟರ್. ನಿಮ್ಮ ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಹಾಗೇ ಇದೆ. ಹಳೇ ಪ್ರಶ್ನೆಪತ್ರಿಕೆಗಳಲ್ಲಿ 22.4 ಸಿಗುತ್ತದೆ. ಒತ್ತಡ ಎಷ್ಟು ಅಂತ ಕೊಟ್ಟಿದ್ದಾರೆ ನೋಡಿ ಆರಿಸಿಕೋ.

ಎರಡೂ ಕಡೆ ಅನಿಲವೇ ಇದ್ದು, ತಾಪ ಒತ್ತಡ ಬದಲಾಗದಿದ್ದರೆ ಇದ್ಯಾವುದೂ ಬೇಡ. ಮೋಲ್ ಕೂಡ ಬೇಡ. ಅಡುಗೆಮನೆ ಸಿಲಿಂಡರಿನ ಬ್ಯೂಟೇನನ್ನೇ ತಗೋ. 2 ಬ್ಯೂಟೇನಿಗೆ 13 ಆಮ್ಲಜನಕ. 1 ಲೀಟರ್ ಬ್ಯೂಟೇನ್ ಪೂರ್ತಿ ಉರಿಯಲು 6.5 ಲೀಟರ್ ಆಮ್ಲಜನಕ, ಅಷ್ಟೇ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಹಾಗಾದರೆ ಎಷ್ಟು ಲೀಟರ್ ಗಾಳಿ ಬೇಕು? ನೀನೇ ಮಾಡು, 31ರ ಹತ್ತಿರ ಬರಬೇಕು.