ಅರ್ಧ ಗಂಟೆ ಧಾರಾಳವಾಗಿ ಸಾಕು

ಎರಡು ವರ್ಷದಿಂದ ಒಂದೇ ಹಳೆಯ ಪ್ರಾಜೆಕ್ಟ್‌ನಲ್ಲಿದ್ದೀರಿ, ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದೇನು ಬಂದಿದೆ ಅಂತ ತಿಳಿದುಕೊಳ್ಳಲು ದಿನಕ್ಕೆ ಅರ್ಧ ಗಂಟೆ ಸಾಕಾ ಎಂದು ಕೇಳಿದ್ದೀರಿ. ಖಂಡಿತ ಸಾಕು.

ಸುದ್ದಿಗೆ ದಿನಾ ಸಮಯ ಕೊಡಬೇಡಿ. ‘ಜಾವಾಸ್ಕ್ರಿಪ್ಟ್ ವೀಕ್ಲಿ’ ಇಮೇಲ್ ವಾರಕ್ಕೊಮ್ಮೆ ಬರುತ್ತದೆ, ಅದರಲ್ಲಿ ಎರಡು ಮೂರು ಲಿಂಕ್ ಓದಿದರೆ ಆಯಿತು. 2015ರಿಂದ ಭಾಷೆಯ ಹೊಸ ಆವೃತ್ತಿ ಬರುವುದು ವರ್ಷಕ್ಕೊಂದೇ. ಗಾಬರಿ ಬೇಡ.

ಉಳಿದ ದಿನ ಒಂದೊಂದು ಸಣ್ಣ ಕೋಡ್ ಒಗಟು ಬಿಡಿಸಿ. ಇದನ್ನೇ ನೋಡಿ: 10, 9, 1 ಇರುವ ಅರೇ (ಅಂದರೆ ಪಟ್ಟಿ) ಮೇಲೆ ಸುಮ್ನೆ ‘ಸಾರ್ಟ್’ (ಕ್ರಮವಾಗಿ ಜೋಡಿಸುವ ಆದೇಶ) ಓಡಿಸಿದರೆ ಏನು ಬರುತ್ತದೆ? 1, 10, 9! ಹೇಗೆ ಹೋಲಿಸಬೇಕು ಅಂತ ನಾವು ಹೇಳದಿದ್ದರೆ ಅದು ಸಂಖ್ಯೆಗಳನ್ನು ನಿಘಂಟಿನ ಪದಗಳ ಹಾಗೆ, ಮೊದಲ ಅಂಕಿಯಿಂದ ಹೋಲಿಸಿ ಜೋಡಿಸುತ್ತದೆ. ಒಮ್ಮೆ ಬಿಲ್ಲುಗಳ ಪಟ್ಟಿಯಲ್ಲಿ ಇದು ನನಗೆ ಕೈಕೊಟ್ಟು, ಅರ್ಧ ದಿನ ಹುಡುಕಿದ್ದೆ. ಜೊತೆಗೆ ‘ಸಾರ್ಟ್’ ಮೂಲ ಅರೇಯನ್ನೇ ಬದಲಿಸಿಬಿಡುತ್ತದೆ. 2023ರ ಆವೃತ್ತಿಯಲ್ಲಿ ಬಂದ ‘ಟುಸಾರ್ಟೆಡ್’ ಹಾಗಲ್ಲ, ಹೊಸ ಪ್ರತಿ ಕೊಡುತ್ತದೆ. ಸುದ್ದಿಯಲ್ಲಿ ಓದಿದ್ದು ಹೀಗೆ ಒಗಟಿನಲ್ಲಿ ಸಿಕ್ಕರೆ ಜಾಸ್ತಿ ದಿನ ನೆನಪಿರುತ್ತದೆ, ಅಲ್ವಾ?

ಒಂದೇ ಒಂದು ಮಾತು. ಉತ್ತರ ಏನು ಬರಬಹುದು ಅಂತ ಮೊದಲು ಹಾಳೆಯಲ್ಲಿ ಬರೆಯಿರಿ, ಆಮೇಲೆ ಬ್ರೌಸರ್ ಕನ್ಸೋಲ್‌ನಲ್ಲಿ (ಬ್ರೌಸರ್ ಒಳಗೇ ಕೋಡ್ ಬರೆದು ನೋಡುವ ಜಾಗ) ಓಡಿಸಿ ನೋಡಿ.