ಮಲಾವಿ ಹಳ್ಳಿಗೆ ಸೇವೆಗೆ ಹೊರಟಿದೀವಿ, ಏನೇನ್ ರೆಡಿ ಮಾಡ್ಕೊಬೇಕು?

ಪ್ರಶ್ನೆ: ನಮಸ್ಕಾರ ಮೇಡಂ, ನಾನು ನರ್ಸಿಂಗ್ ಕೊನೇ ವರ್ಷ ಓದ್ತಿದೀನಿ. ನಮ್ಮ ಸಭೆಯ ಯವ್ವನಸ್ಥರ ಟೀಮ್ ಜನವರೀಲಿ ಎರಡು ವಾರ ಆಫ್ರಿಕಾದ ಮಲಾವಿಗೆ ಹೋಗ್ತಿದೆ, ರಾಜಧಾನಿ ಲಿಲಾಂಗ್ವೆಯಿಂದ ಒಳಗಡೆ ಒಂದು ಹಳ್ಳಿ. ಸ್ಕೂಲಿಗೆ ಪೇಂಟ್ ಹೊಡೆಯೋದು, ಬಟ್ಟೆ ಹಂಚೋದು, ಮೆಡಿಕಲ್ ಕ್ಯಾಂಪ್, ಸಂಜೆ ಸುವಾರ್ತೆ ಕೂಟ ಅಂತ ಪ್ಲಾನ್ ಆಗಿದೆ. ಅಲ್ಲಿನ ಜನಕ್ಕೆ ಯೇಸು ಅಂದ್ರೆ ಯಾರು ಅಂತಾನೇ ಗೊತ್ತಿರಲ್ಲ ಅಂತ ಲೀಡರ್ ಹೇಳ್ತಾರೆ. ನಾನೇನು ತಯಾರಿ ಮಾಡ್ಕೊಳ್ಳಿ?

ಉತ್ತರ: ಲೀಡರ್ ಮಾತಿಂದಾನೇ ಶುರು ಮಾಡೋಣ, ಯಾಕಂದ್ರೆ ನಿಮ್ಮ ಪ್ಲಾನ್ ಪೂರ್ತಿ ಅದರ ಮೇಲೇ ನಿಂತಿದೆ. ಮಲಾವಿಯಲ್ಲಿ ಹತ್ತು ಜನದಲ್ಲಿ ಏಳೆಂಟು ಜನ ಕ್ರೈಸ್ತರು ಕಣಮ್ಮ. ಸ್ಕಾಟ್ಲೆಂಡಿನ ಮಿಷನರಿಗಳು 1875ರಲ್ಲೇ ಮಲಾವಿ ಸರೋವರದ ದಡಕ್ಕೆ ಬಂದಿದ್ರು, ಅಲ್ಲಿನ ಚಿಚೇವ ಭಾಷೇಲಿ ಸತ್ಯವೇದ 1922ರಿಂದ ಇದೆ. ಭಾನುವಾರ ಆರಾಧನೆಗೆ ಕೂತ್ರೆ ನಿಮಗೇ ಗೊತ್ತಾಗುತ್ತೆ, ಎರಡು ಮೂರು ತಾಸು ಆರಾಮಾಗಿ ಹೋಗುತ್ತೆ, ಒಂದು ಕೀಬೋರ್ಡ್ ಇರಲ್ಲ ಏನಿರಲ್ಲ, ಆದ್ರೂ ನಾಲ್ಕು ಸ್ವರದಲ್ಲಿ ಹಾಡು, ಮಹಿಳಾ ಸಂಘದವರು ಯೂನಿಫಾರ್ಮ್ ಹಾಕ್ಕೊಂಡು ಹೆಜ್ಜೆ ಹಾಕ್ತಾ ಹಾಡೋದು ನೋಡಿದ್ರೆ ನಮ್ಮ ಕ್ವಾಯರ್‌ನೋರು ಬಾಯಿ ಮುಚ್ಕೊಂಡು ಕೂರ್ಬೇಕು. ಅಂಥೋರಿಗೆ ಸಂಜೆ ಕೂಟ ಮಾಡಿ ಯೇಸು ಯಾರು ಅಂತ ಹೇಳೋಕೆ ಹೋದ್ರೆ ಮರ್ಯಾದೆಯಿಂದ ಕೇಳ್ತಾರೆ, ಕೊನೇಲಿ ಚಪ್ಪಾಳೇನೂ ತಟ್ತಾರೆ, ಅವರು ಅಷ್ಟು ಒಳ್ಳೆಯೋರು. ನೀವು ಹೋಗ್ತಿರೋದು ನೆಂಟರ ಥರ, ಆ ಮನೆಗೆ ಯಜಮಾನರು ಇದಾರೆ: ಅಲ್ಲಿನ ಪಾಸ್ಟರ್, ಹಿರಿಯರು, ಹಳ್ಳಿ ಮುಖ್ಯಸ್ಥ. ಪ್ಲಾನ್ ಅವರ ಹತ್ರ ಕೇಳಿ ಆಮೇಲೆ ಬರೀಬೇಕಿತ್ತು. ಇನ್ನೂ ಟೈಮ್ ಇದೆ, ಕೇಳಿ.

ಮೊದಲು ತಿಂಗಳನ್ನೇ ಕೇಳಿ. ಜನವರಿ ಅಂದ್ರೆ ಅಲ್ಲಿ ಜೋರು ಮಳೆ, ಮಣ್ಣಿನ ರಸ್ತೇಲಿ ಗಾಡಿ ಹೂತ್ಕೊಳ್ಳುತ್ತೆ, ಅದು ಹೋಗ್ಲಿ ಅನ್ನಿ. ದೊಡ್ಡ ವಿಷಯ ಅಂದ್ರೆ ಹೋದ ವರ್ಷದ ಮೆಕ್ಕೆಜೋಳ ಖಾಲಿಯಾಗಿ ಹೊಸ ಬೆಳೆ ಏಪ್ರಿಲ್‌ವರೆಗೂ ಬರದೆ ಇರೋ ಹಸಿವಿನ ಕಾಲ ಅದು. ಎಷ್ಟೋ ಮನೇಲಿ ದಿನಕ್ಕೆ ಒಂದೇ ಊಟ. ಆ ಟೈಮಲ್ಲಿ ನಿಮ್ಮ ಟೀಮ್ ಪೂರ್ತಿ ಹೋಗಿ ಇಳಿದ್ರೆ ಇರೋ ಕೋಳೀನೇ ಕೊಯ್ದು ಬಡಿಸ್ತಾರೆ, ಬೇಡ ಅಂದ್ರೂ ಬಿಡಲ್ಲ. ಜೂನ್ ಜುಲೈ ಆದ್ರೆ ಸುಗ್ಗಿ ಮುಗಿದಿರುತ್ತೆ, ರಸ್ತೆ ಒಣಗಿರುತ್ತೆ. ಲೀವ್ ಸಿಗಲ್ಲ ಅಂತೀರೇನೋ, ಆದ್ರೂ ಕೇಳಿ ನೋಡಿ.

ಮೆಡಿಕಲ್ ಕ್ಯಾಂಪ್ ನೀವಾಗೇ ಮಾಡ್ಬೇಡಿ. ಅಲ್ಲಿ ಡಾಕ್ಟರ್‌ಗಳಿಗೂ ನರ್ಸ್‌ಗಳಿಗೂ ಅವರದೇ ಕೌನ್ಸಿಲ್ ಇದೆ, ರಿಜಿಸ್ಟ್ರೇಷನ್ ಇಲ್ದೆ ರೋಗಿ ಮುಟ್ಟೋ ಹಾಗಿಲ್ಲ, ನೀವಂತೂ ಇನ್ನೂ ಸ್ಟೂಡೆಂಟ್. ಒಂದು ದಿನ ಬಿಪಿ ನೋಡಿ ಮಾತ್ರೆ ಕೊಟ್ಟು ಬಂದ್ರೆ ಮುಂದಿನ ತಿಂಗಳ ಮಾತ್ರೆ ಯಾರು ಕೊಡ್ತಾರೆ? ಲಿಲಾಂಗ್ವೆ ಕಡೆ ಎನ್‌ಖೋಮಾದಲ್ಲಿ ಸಭೆಯೋರೇ ನಡೆಸೋ ದೊಡ್ಡ ಮಿಷನ್ ಆಸ್ಪತ್ರೆ ಇದೆ, ಹಳ್ಳಿ ಕಡೆ ಚಿಕಿತ್ಸೇಲಿ ದೊಡ್ಡ ಪಾಲು ಇಂಥ ಸಭೆಗಳ ಆಸ್ಪತ್ರೆಗಳದ್ದೇ. ಅಂಥ ಕಡೆ ಮೊದಲೇ ಬರೆದು ಕೇಳಿ, ಅವರು ಒಪ್ಪಿದ್ರೆ ಅವರ ನರ್ಸ್ ಹಿಂದೆ ಹೋಗಿ ಮಕ್ಕಳ ತೂಕ ಬರ್ಕೊಳ್ಳಿ, ಲೈನ್ ನಿಲ್ಸಿ. ಕಲಿಯೋಕೆ ಬೇಕಾದಷ್ಟಿದೆ.

ಪೇಂಟು ಅಲ್ಲಿನ ಪೇಂಟರ್ ಹೊಡೀಲಿ, ಕೂಲಿ ಅವನಿಗೆ ಸಿಗುತ್ತೆ. ಹಳೇ ಬಟ್ಟೆಗೆ ಅಲ್ಲಿ ಕೌಂಜಿಕ ಅಂತ ಸಂತೇನೇ ಇದೆ, ಅದನ್ನ ಮಾರಿ ಬದುಕೋರ ಮುಂದೆ ನೀವು ಫ್ರೀ ಹಂಚಿದ್ರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ.

ಹಾಗಾದ್ರೆ ಏನ್ ಮಾಡೋದು ಅಂತೀರಾ? ನಾನು ನೋಡಿದ ಒಂದು ಹಳ್ಳೀಲಿ ಬೋರ್‌ವೆಲ್ಲಿಗೆ ಆಫ್ರಿಡೆವ್ ಅನ್ನೋ ಕೈ ಪಂಪ್ ಇತ್ತು, ಮಲಾವೀಲಿ ಹೆಚ್ಚಾಗಿ ಇರೋದು ಅದೇ. ಕಟ್ಟೆ ಮೇಲೆ ಕೊಟ್ಟೋರ ಹೆಸರು ಸಿಮೆಂಟಲ್ಲಿ ದೊಡ್ಡದಾಗಿ ಬರೆದಿತ್ತು, ಹೆಂಗಸರು ಮಾತ್ರ ಬಕೆಟ್ ತಲೆ ಮೇಲಿಟ್ಕೊಂಡು ಆ ಕಟ್ಟೆ ಪಕ್ಕದಲ್ಲೇ ದಾಟಿ ಹಳ್ಳದ ಕಡೆ ಹೋಗ್ತಿದ್ರು. ಹಿಡಿ ಎಷ್ಟು ಒತ್ತಿದ್ರೂ ನೀರು ದಾರದ ಹಾಗೆ ಬರೋದು. ಒಳಗೆ ಯು ಸೀಲ್ ಅಂತ ಒಂದು ರಬ್ಬರ್ ಉಂಗುರ ಇರುತ್ತೆ, ಅದು ಸವೆದಿತ್ತು ಅಷ್ಟೇ. ಆ ಪಂಪನ್ನ ಡಿಸೈನ್ ಮಾಡಿರೋದೇ ಹಳ್ಳಿಯೋರೇ ಒಂದು ಸ್ಪ್ಯಾನರ್ ಹಿಡ್ಕೊಂಡು ಬಿಚ್ಚಿ ರಿಪೇರಿ ಮಾಡೋ ಹಾಗೆ, ಆದ್ರೆ ಸೀಲ್ ಎಲ್ಲಿ ಸಿಗುತ್ತೆ, ದುಡ್ಡು ಯಾರು ಕೂಡಿಡ್ಬೇಕು ಅಂತ ಕೊಟ್ಟೋರು ಹೇಳಿರ್ಲಿಲ್ಲ. ನಿಮ್ಮ ಟೀಮು ಬಟ್ಟೆ ಲಗೇಜಿಗೆ ಹಾಕೋ ದುಡ್ಡನ್ನ ಇಂಥದ್ದಕ್ಕೆ, ಅಲ್ಲಿನ ನೀರಿನ ಕಮಿಟಿ ಕೈಗೆ, ಸಭೆ ಮೂಲಕ ಕೊಡ್ಲಿ. ಫೋಟೋಗೆ ಚೆನ್ನಾಗಿ ಬರಲ್ಲ, ಗೊತ್ತು.

ಪ್ರಶ್ನೆ: ನನ್ನ ಮಗಳು ಇಂಥದ್ದೇ ಟೀಮಲ್ಲಿ ಹೋಗ್ತಾಳೆ. ಮಲೇರಿಯಾ ಅಂದ್ರೆ ನಂಗೆ ನಿದ್ದೇನೇ ಬರ್ತಿಲ್ಲ, ಹಳದಿ ಜ್ವರದ ಇಂಜೆಕ್ಷನ್ನೂ ಬೇಕಂತೆ, ಹೌದಾ?

ಉತ್ತರ: ಅಮ್ಮಾ, ಭಯ ಸುಮ್ಮನೆ ಅಲ್ಲ. 1875ರಲ್ಲಿ ಬಂದ ಆ ಮಿಷನರಿಗಳು ಕೇಪ್ ಮೆಕ್ಲಿಯರ್ ಅನ್ನೋ ಕಡೆ ನೆಲೆ ನಿಂತಿದ್ರು, ಜ್ವರಕ್ಕೆ ಒಬ್ಬೊಬ್ಬರೇ ತೀರ್ಕೊಂಡು ಕೊನೆಗೆ 1881ರಲ್ಲಿ ಜಾಗಾನೇ ಬದಲಾಯಿಸಿದ್ರು, ಸಮಾಧಿಗಳು ಈಗ್ಲೂ ಇವೆ. ಪಾಪ, ಸೊಳ್ಳೆಯಿಂದ ಬರುತ್ತೆ ಅಂತಾನೇ ಅವರಿಗೆ ಗೊತ್ತಿರ್ಲಿಲ್ಲ, ಅದನ್ನ ರೊನಾಲ್ಡ್ ರಾಸ್ ಸಿಕಂದರಾಬಾದಲ್ಲಿ ಕಂಡುಹಿಡಿದಿದ್ದು 1897ರಲ್ಲಿ. ನಿಮ್ಮ ಮಗಳಿಗೆ ಗೊತ್ತಿದೆ, ಮಾತ್ರೇನೂ ಇದೆ. ಕ್ಲೋರೋಕ್ವಿನ್ ಸಾಕು ಅಂತ ಯಾರಾದ್ರೂ ಅಂದ್ರೆ ಕೇಳ್ಬೇಡಿ, ಅದು ಕೆಲಸ ಮಾಡ್ತಿಲ್ಲ ಅಂತ ಮಲಾವಿ 1993ರಲ್ಲೇ ಬಿಟ್ಟಿದೆ. ಡಾಕ್ಸಿಸೈಕ್ಲಿನ್ ಆದ್ರೆ ಹೊರಡೋ ಒಂದೆರಡು ದಿನ ಮುಂಚೆ ಶುರು ಮಾಡಿ ಬಂದ್ಮೇಲೂ ನಾಲ್ಕು ವಾರ ತಗೋಬೇಕು, ಎಲ್ಲರೂ ತಪ್ಪೋದು ಈ ನಾಲ್ಕು ವಾರದಲ್ಲೇ, ಊರಿಗೆ ಬಂದ್ವಲ್ಲ ಅಂತ ಬಿಟ್ಬಿಡ್ತಾರೆ. ಯಾವ ಮಾತ್ರೆ ಅನ್ನೋದನ್ನ ಡಾಕ್ಟರೇ ಹೇಳ್ಲಿ. ಬಂದು ಒಂದೆರಡು ತಿಂಗಳಾದ್ಮೇಲೆ ಜ್ವರ ಬಂದ್ರೂ ಆಫ್ರಿಕಾಗೆ ಹೋಗಿದ್ದೆ ಅಂತ ಮೊದಲನೇ ಮಾತಲ್ಲೇ ಹೇಳ್ಬೇಕು.

ಹಳದಿ ಜ್ವರ ಮಲಾವೀಲಿ ಇಲ್ಲ, ಆದ್ರೆ ಫ್ಲೈಟ್ ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುತ್ತೆ, ಅವು ಇರೋ ಇಥಿಯೋಪಿಯಾ, ಕೀನ್ಯಾ ಎರಡೂ ಹಳದಿ ಜ್ವರದ ದೇಶಗಳ ಪಟ್ಟೀಲಿವೆ. ಇಂಜೆಕ್ಷನ್ ಹಾಕಿಸ್ಬಿಡಿ, ಹೊರಡೋಕೆ ಕನಿಷ್ಠ 10 ದಿನ ಮುಂಚೆ. ಹಾಕಿಸ್ಕೊಂಡಿದ್ದಕ್ಕೆ ಕೊಡೋ ಕಾರ್ಡ್ 2016ರಿಂದ ಜೀವನಪೂರ್ತಿ ನಡೆಯುತ್ತೆ. ಸರೋವರ ನೋಡಿ ಈಜೋ ಆಸೆ ಆಗುತ್ತೆ, ಅದ್ರಲ್ಲಿ ಬಿಲ್ಹಾರ್ಜಿಯಾ ಹುಳು ಇದೆ, ಚರ್ಮದಿಂದಾನೇ ಒಳಗೆ ಹೋಗುತ್ತೆ, ಬೇಡ ಅನ್ನಿ.

ಪ್ರಶ್ನೆ: ಹೆಣ್ಮಕ್ಕಳು ಅಲ್ಲಿ ಜೀನ್ಸ್ ಹಾಕ್ಬೋದಾ?

ಉತ್ತರ: ಸಿಟೀಲಿ ಯಾರೂ ಏನೂ ಅನ್ನಲ್ಲ. ಹಳ್ಳೀಲಿ ಚಿತೆಂಜೆ ಅಂತ ಒಂದು ಬಣ್ಣದ ಬಟ್ಟೆ ಸೊಂಟಕ್ಕೆ ಸುತ್ಕೋತಾರೆ, ಅಲ್ಲೇ ಸಂತೇಲಿ ಒಂದು ತಗೊಳ್ಳಿ, ಜೀನ್ಸ್ ಮೇಲೇ ಸುತ್ಕೊಂಡ್ರಾಯ್ತು. ಮಗು ಕಟ್ಕೊಳ್ಳೋಕೂ ಅದೇ, ನೆಲಕ್ಕೆ ಹಾಸೋಕೂ ಅದೇ. ಹೇಗೆ ಸುತ್ಕೊಳ್ಳೋದು ಅಂತ ಪಾಸ್ಟರ್ ಹೆಂಡ್ತಿನ ಕೇಳಿ.